ದೋರೆಯಾಗದ ದ್ರಾಕ್ಷಿ

ಕಳೆದ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ಎರಡು ಸೇರು ಹಸಿ ಕಡಲೆಕಾಯಿ ತಂದು, ಉಪ್ಪು ಹಾಕಿ ಬೇಯಿಸಿ, ಆರು ತಿಂಗಳಿಂದ ಎತ್ತಿಟ್ಟಿದ್ದ ಒಂದು ಬಾಟಲಿಯ ಬಿರಡೆ ತೆಗೆದೆ. ಫ್ರಾನ್ಸಿನ ಲ್ವಾರ್ ಕಣಿವೆಯಲ್ಲಿ ಶಿನೋಂ ಎಂಬ ಊರಿನ ಸುತ್ತ ಬೆಳೆಯುವ ಕ್ಯಾಬರ್ನೆ ಫ್ರಾಂ ದ್ರಾಕ್ಷಿಯ ಕೆಂಪು ವೈನ್ ಅದು, 2021ರ ಬೆಳೆ. ಒಂದನ್ನು ಈಗ ಕುಡಿದು, ಇನ್ನೊಂದನ್ನು ಕೆಲವು ವರ್ಷ ಇಟ್ಟು ನೋಡಬೇಕೆಂದು ಎರಡು ಬಾಟಲಿ ಕೊಂಡಿದ್ದೆ. ತಯಾರಿಸಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಒಂದು ವರ್ಷದ ಒಂದು ಬಾಟಲಿಯಿಂದ ಒಂದು ತೋಟವನ್ನೇ ಅಳೆಯುವುದು ನ್ಯಾಯವಲ್ಲ. ಆದರೆ ಆ ಸಂಜೆಯ ನಿರಾಸೆ ಇಷ್ಟು ದಿನಗಳ ಮೇಲೂ ನನ್ನನ್ನು ಬಿಟ್ಟಿಲ್ಲ. ಅದರ ಕಾರಣಗಳನ್ನು ಹುಡುಕುತ್ತ ಹೋದಂತೆ, ತಂಪು ನಾಡಿನ ಕೆಂಪು ವೈನ್ ಎಂದರೆ ಏನೆಂದು ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆನೋ ಆ ತಿಳಿವಳಿಕೆಯೇ ಅಲುಗಾಡಿತು.

ಬಣ್ಣ ಚೆನ್ನಾಗಿತ್ತು. ದೀಪಕ್ಕೆ ಹಿಡಿದಾಗ ಗ್ಲಾಸಿನ ನಡುವೆ ನೇರಳೆ ಹಣ್ಣಿನ ಸಿಪ್ಪೆಯ ಕೆಂಪು, ಅಂಚಿನಲ್ಲಿ ನೀರಿಗೆ ಕುಂಕುಮ ಕದಡಿದಂಥ ತಿಳಿಬಣ್ಣ. ಮೂಗಿನ ಹತ್ತಿರ ತಂದ ಕೂಡಲೇ ಹೊಡೆದದ್ದು ಮಾತ್ರ ದಪ್ಪ ಮೆಣಸಿನಕಾಯಿಯ ವಾಸನೆ. ದಪ್ಪ ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ, ಒಳಗಿನ ಬಿಳಿಯ ದಿಂಡನ್ನು ಬೀಜದ ಸಮೇತ ಬೆರಳಿನಿಂದ ಕಿತ್ತಾಗ ಅಡುಗೆಮನೆಯ ತುಂಬ ಹರಡುತ್ತದಲ್ಲ, ಆ ಹಸಿ ವಾಸನೆ. ಅದರ ಬೆನ್ನಿಗೇ ಟೊಮೆಟೊ ಗಿಡದ ಎಲೆಯನ್ನು ಹಿಸುಕಿದರೆ ಕೈಗೆ ಅಂಟಿಕೊಳ್ಳುವ ಘಾಟು. ಹಣ್ಣಿನ ಸುಳಿವು ಇರಲಿಲ್ಲವೆಂದಲ್ಲ. ಇತ್ತು, ಪಕ್ಕದ ಮನೆಯಲ್ಲಿ ಯಾರೋ ಹಣ್ಣು ಬಿಡಿಸುತ್ತಿದ್ದಾರೆ ಎನ್ನುವಷ್ಟು ದೂರದಲ್ಲಿ.

ಬಾಯಿಗೆ ಹಾಕಿಕೊಂಡಾಗ ಮೊದಲು ಹುಳಿ ಬಂತು. ಅದು ಬರಬೇಕಾದದ್ದೇ, ಹುಳಿ ಈ ಸೀಮೆಯ ವೈನಿನ ಬೆನ್ನೆಲುಬು. ಹುಳಿಯ ಹಿಂದೆ ಇನ್ನೇನೋ ಬರಬೇಕಿತ್ತು, ಬರಲಿಲ್ಲ. ನಾಲಿಗೆಯ ನಡುಭಾಗ ಕಾಯುತ್ತಲೇ ಉಳಿಯಿತು. ಅಷ್ಟರಲ್ಲಿ ಒಸಡಿಗೂ ಕೆನ್ನೆಯ ಒಳಮೈಗೂ ಹಸಿ ಬಾಳೆಕಾಯಿ ಕಚ್ಚಿದಂಥ ಒಗರು ಹತ್ತಿಕೊಂಡಿತು. ನುಂಗಿ ಹತ್ತು ಎಣಿಸುವಷ್ಟರಲ್ಲಿ ರುಚಿ ಮಾಯವಾಗಿತ್ತು, ಒಗರು ಮಾತ್ರ ಉಳಿದಿತ್ತು. ಎರಡನೆಯ ಗುಟುಕಿಗೂ ಅದೇ, ಮೂರನೆಯದಕ್ಕೂ ಅದೇ.

ಜೊತೆಗೆ ಕೂತಿದ್ದ ಗೆಳತಿ ಓದಿಗಾಗಿ ಎರಡು ವರ್ಷ ತೂರ್ ನಗರದಲ್ಲಿ ಇದ್ದವಳು. ಶಿನೋಂ ಅಲ್ಲಿಂದ ಐವತ್ತು ಕಿಲೋಮೀಟರಿನೊಳಗಿನ ಊರು. ನನ್ನ ಮುಖ ನೋಡಿ ಅವಳು, "ಯಾಕೆ, ಚೆನ್ನಾಗಿಲ್ವಾ? ನಂಗೆ ಇಷ್ಟ ಆಯ್ತು," ಎಂದಳು. ಹಸಿ ವಾಸನೆಯ ಮಾತೆತ್ತಿದೆ. "ಅದು ಆ ಊರಿನ ವಾಸನೆ ಕಣೋ. ಅಲ್ಲಿನ ಮುದುಕರೆಲ್ಲ ಅದನ್ನೇ ಹುಡುಕಿಕೊಂಡು ಕುಡೀತಾರೆ. ನಿಂಗೆ ಹಣ್ಣಿನ ರಸ ಬೇಕಾಗಿದ್ರೆ ಬೇರೆ ಏನಾದ್ರೂ ತಗೋಬೇಕಿತ್ತು," ಎಂದು ಕಡಲೆಕಾಯಿ ಸುಲಿಯುತ್ತ ಕೂತಳು. ಆ ಮಾತು ಚುಚ್ಚಿತು, ಏಕೆಂದರೆ ನಾನು ಹಣ್ಣಿನ ರಸದಂಥ ವೈನಿನಿಂದ ದೂರ ಸರಿದೇ ತಂಪು ನಾಡಿನ ವೈನುಗಳ ಕಡೆಗೆ ಬಂದವನು. ಹಾಗಾಗಿ ಮೊದಲು ನನ್ನ ತೀರ್ಪನ್ನೇ ಅನುಮಾನಿಸಬೇಕಾಯಿತು.

ಬೆಂಗಳೂರಿನಲ್ಲಿ ಕೂತು ಆಮದಾದ ಬಾಟಲಿಯೊಂದನ್ನು ಬಯ್ಯುವ ಮೊದಲು ಪರೀಕ್ಷಿಸಬೇಕಾದ ಸಂಗತಿಗಳು ಕೆಲವಿವೆ. ಬಿರಡೆ ಕೆಟ್ಟಿದ್ದರೆ ಗ್ಲಾಸಿನಿಂದ ತೊಯ್ದ ರಟ್ಟಿನ ಡಬ್ಬದ ವಾಸನೆ ಬರುತ್ತದೆ. ಟ್ರೈಕ್ಲೋರೋಅನಿಸೋಲ್ ಎಂಬ ಸಂಯುಕ್ತ ಅದಕ್ಕೆ ಕಾರಣ, ಒಂದು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಸೇರಿದರೂ ಸಾಕು, ಹಣ್ಣಿನ ಘಮವನ್ನೆಲ್ಲ ನುಂಗಿಹಾಕುತ್ತದೆ. ಇಲ್ಲಿ ಆ ವಾಸನೆ ಇರಲಿಲ್ಲ. ಇನ್ನು ಬಿಸಿಯ ಪೆಟ್ಟು. ಹಡಗಿನ ಕಂಟೇನರಿನಲ್ಲಿ, ಬಂದರಿನ ಗೋದಾಮಿನಲ್ಲಿ, ಆಮೇಲೆ ನಮ್ಮ ಊರಿನ ಅಂಗಡಿಯ ಮಾಡಿನಲ್ಲಿ ಬಾಟಲಿ ಎಷ್ಟು ಬೆಂದಿರುತ್ತದೆಂದು ಹೇಳಲಾಗುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಪಾದರಸ 39.2 ಡಿಗ್ರಿ ಮುಟ್ಟಿದ ಊರು ಇದು. ತಂಪಿನ ಊರೆಂಬ ಹಳೆಯ ಹೆಸರನ್ನು ನಂಬಿ ವೈನನ್ನು ಹಾಗೆಯೇ ಹೊರಗಿಡುವ ಕಾಲ ಹೋಯಿತು. ಆದರೆ ಬಿಸಿ ತಗುಲಿದ ವೈನಿನ ಬಿರಡೆ ಸ್ವಲ್ಪ ಮೇಲೆದ್ದಿರುತ್ತದೆ, ಕತ್ತಿನ ಸುತ್ತ ವೈನ್ ಸೋರಿದ ಕಲೆ ಇರುತ್ತದೆ, ವಾಸನೆಯಲ್ಲಿ ಬೆಂದ ಹಣ್ಣಿನ, ಒಣದ್ರಾಕ್ಷಿಯ ಛಾಯೆ ಬರುತ್ತದೆ. ನನ್ನ ಬಾಟಲಿಯ ಬಿರಡೆ ಬುಡದಲ್ಲಷ್ಟೇ ತೇವವಾಗಿ, ಬಿಗಿಯಾಗಿ ಕೂತಿತ್ತು. ಬೆಂದ ವಾಸನೆಯ ಮಾತಂತೂ ದೂರ, ಈ ವೈನಿನ ತೊಂದರೆ ಅದಕ್ಕೆ ಪೂರ್ತಿ ಎದುರಾದದ್ದು.

ಉಳಿದದ್ದು ಕುಡಿಯುವ ಹೊತ್ತಿನ ತಾಪ. ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ಹಳೆಯ ಮನೆಗಳಿಂದ ಬಂದದ್ದು, ಅಲ್ಲಿನ ಕೋಣೆಯೆಂದರೆ ಹದಿನಾರು ಹದಿನೇಳು ಡಿಗ್ರಿ. ನಮ್ಮ ಕೋಣೆಗೆ ಆ ಮಾತು ಸಲ್ಲದು. ನಾನು ಬಾಟಲಿಯನ್ನು ಫ್ರಿಜ್ಜಿನಲ್ಲಿ ಮುಕ್ಕಾಲು ಗಂಟೆ ಇಟ್ಟು ತೆಗೆದಿದ್ದೆ. ತಂಪು ಹೆಚ್ಚಾದರೆ ಒಗರು ಎದ್ದು ಕಾಣುತ್ತದೆ, ಘಮ ಮುದುಡಿಕೊಳ್ಳುತ್ತದೆ ಎಂಬುದು ಗೊತ್ತಿದ್ದರಿಂದ ಎರಡನೆಯ ಗ್ಲಾಸನ್ನು ಅರ್ಧ ಗಂಟೆ ಮೇಜಿನ ಮೇಲೆ ಬಿಟ್ಟೆ. ಒಗರು ಸ್ವಲ್ಪ ಇಳಿಯಿತು. ಹಸಿ ವಾಸನೆ ಇಮ್ಮಡಿಯಾಯಿತು. ಅಲ್ಲಿಗೆ ತಪ್ಪು ನನ್ನ ಕೈಯದ್ದಲ್ಲ, ಅಂಗಡಿಯದ್ದೂ ಅಲ್ಲ, ಬಾಟಲಿಯೊಳಗಿನದ್ದೇ ಎಂದು ಖಾತ್ರಿಯಾಯಿತು.

ಆ ಹಸಿ ವಾಸನೆಗೆ ಒಂದು ಹೆಸರಿದೆ: ಐಸೋಬ್ಯುಟೈಲ್ ಮೆಥಾಕ್ಸಿಪೈರಝೀನ್. ದಪ್ಪ ಮೆಣಸಿನಕಾಯಿಗೆ ಅದರ ವಾಸನೆ ಕೊಡುವ ವಸ್ತು ಇದೆಂದು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 1969ರಲ್ಲಿ ಪ್ರಕಟಿಸಿದರು. ಆಮೇಲೆ ಅದೇ ವಸ್ತು ಕ್ಯಾಬರ್ನೆ ಕುಟುಂಬದ ದ್ರಾಕ್ಷಿಗಳಲ್ಲಿಯೂ ಸಿಕ್ಕಿತು. ಹಾಗಾಗಿ ವೈನಿನಲ್ಲಿ ದಪ್ಪ ಮೆಣಸಿನಕಾಯಿಯ ವಾಸನೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದು ಬರಿಯ ಹೋಲಿಕೆಯಲ್ಲ. ಎರಡರಲ್ಲೂ ಇರುವುದು ಒಂದೇ ಅಣು. ನಮ್ಮ ಮೂಗು ಅದಕ್ಕೆ ಎಷ್ಟು ಚುರುಕಾಗಿದೆಯೆಂದರೆ, ನೀರಿನಲ್ಲಿ ಲೀಟರಿಗೆ ಸುಮಾರು ಎರಡು ನ್ಯಾನೋಗ್ರಾಂ ಇದ್ದರೂ ಗೊತ್ತಾಗಿಬಿಡುತ್ತದೆ. ನಮ್ಮ ಬೀದಿಗೆ ಬರುವ ಆರು ಸಾವಿರ ಲೀಟರಿನ ನೀರಿನ ಟ್ಯಾಂಕರಿಗೆ ಒಂದು ಗ್ರಾಂನ ಎಂಬತ್ತು ಸಾವಿರ ಪಾಲಿನಲ್ಲಿ ಒಂದು ಪಾಲು ಬೆರೆಸಿದರೆ ಸಾಕು, ಇಡೀ ಟ್ಯಾಂಕರು ಮೆಣಸಿನಕಾಯಿ ನಾರುತ್ತದೆ. ಕೆಂಪು ವೈನಿನಲ್ಲಿ ಬೇರೆ ಘಮಗಳ ಮರೆ ಇರುವುದರಿಂದ ಅದು ಎದ್ದು ಕಾಣಲು ಹತ್ತು ಹದಿನೈದು ನ್ಯಾನೋಗ್ರಾಂ ಬೇಕಾಗುತ್ತದೆ.

ಈ ವಸ್ತು ಕಾಯಿಯಲ್ಲಿ ಹುಟ್ಟಿ ಬೆಳೆಯುತ್ತದೆ. ದ್ರಾಕ್ಷಿಗೆ ಬಣ್ಣ ತಿರುಗುವ ಮೊದಲು ಅದರ ಮಟ್ಟ ತುದಿಗೇರಿ, ಬಿಸಿಲು ಬಿದ್ದಂತೆ, ಹಣ್ಣಾದಂತೆ ಇಳಿಯುತ್ತದೆ. ಗೊಂಚಲಿನ ಸುತ್ತಲ ಎಲೆಯನ್ನು ಸಕಾಲದಲ್ಲಿ ಕಿತ್ತು ಬೆಳಕು ಬಿಟ್ಟರೆ ಇನ್ನಷ್ಟು ಇಳಿಯುತ್ತದೆ. ಆದರೆ ಒಮ್ಮೆ ವೈನಾದ ಮೇಲೆ ಅದು ಹಾಗೆಯೇ ಉಳಿಯುತ್ತದೆ; ಹುದುಗು ಅದನ್ನು ತಿನ್ನುವುದಿಲ್ಲ, ಬಾಟಲಿಯಲ್ಲಿ ಕಳೆಯುವ ವರ್ಷಗಳೂ ಕರಗಿಸುವುದಿಲ್ಲ. ಈ ಕೊನೆಯ ಸಂಗತಿ ನನ್ನ ಎರಡನೆಯ ಬಾಟಲಿಯ ಮಟ್ಟಿಗೆ ಮುಖ್ಯವಾದದ್ದು.

ಕ್ಯಾಬರ್ನೆ ಫ್ರಾಂ ಈ ವಿಷಯದಲ್ಲಿ ಹೆಸರಾದ ತಳಿ. ಲೋಕಪ್ರಸಿದ್ಧವಾದ ಕ್ಯಾಬರ್ನೆ ಸೊವಿನ್ಯೋಂನ ತಂದೆತಾಯಿಗಳಲ್ಲಿ ಇದೂ ಒಂದು ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಜಾನ್ ಬವರ್ಸ್ ಮತ್ತು ಕ್ಯಾರೊಲ್ ಮೆರಿಡಿತ್ 1997ರಲ್ಲಿ ವಂಶವಾಹಿಯ ಪರೀಕ್ಷೆಯಿಂದ ತೋರಿಸಿಕೊಟ್ಟರು. ಇನ್ನೊಂದು ಸೊವಿನ್ಯೋಂ ಬ್ಲಾಂ ಎಂಬ ಬಿಳಿ ದ್ರಾಕ್ಷಿ. ಮಗುವಿಗಿಂತ ಮೊದಲೇ ಹಣ್ಣಾಗುವ ಗುಣ ಇರುವುದರಿಂದಲೇ ಕ್ಯಾಬರ್ನೆ ಫ್ರಾಂಗೆ ಲ್ವಾರ್‌ನಂಥ ಉತ್ತರದ ಕಣಿವೆಯಲ್ಲಿ ಜಾಗ ಸಿಕ್ಕಿದೆ. ಸಿಕ್ಕಿದೆ ಎಂದ ಮಾತ್ರಕ್ಕೆ ಪ್ರತಿ ವರ್ಷವೂ ಹಣ್ಣಾಗುತ್ತದೆ ಎಂದಲ್ಲ.

ಹಣ್ಣಾಗುವುದು ಎಂದಾಗ ನನಗೆ ಕನ್ನಡದ ಮಾತುಗಳೇ ಹೆಚ್ಚು ಕೆಲಸಕ್ಕೆ ಬಂದವು. ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು, ಕಳಿತ ಹಣ್ಣು ಎಂದು ನಾವು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತೇವೆ. ನಾನು ತಂಪು ನಾಡಿನ ಕೆಂಪು ವೈನನ್ನು ಪ್ರೀತಿಸುವುದು ಅದರಲ್ಲಿರುವ ದೋರೆತನಕ್ಕಾಗಿ: ಹುಳಿ ಇನ್ನೂ ಬಿಟ್ಟಿಲ್ಲ, ಸಿಹಿ ಆಗಲೇ ಕೂಡಿದೆ, ಒಗರು ತೆಳ್ಳಗಾಗಿದೆ, ಎಲ್ಲವೂ ಒಂದೇ ಹೊತ್ತಿನಲ್ಲಿ ಬಾಯಲ್ಲಿವೆ. ದೋರೆ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿಂದವರಿಗೆ ಆ ಸುಖ ಯಾವುದೆಂದು ಹೇಳಿಕೊಡಬೇಕಾಗಿಲ್ಲ. ಬಿಸಿ ನಾಡಿನ ವೈನ್ ಬಹಳ ಸಲ ಕಳಿತ ಹಣ್ಣು. ನನ್ನ ಮುಂದಿದ್ದ ಈ ಬಾಟಲಿ ಕಾಯಿಯಾಗಿಯೇ ನಿಂತಿತ್ತು.

ಮಾವು ಬಾಳೆಗಳಿಗೂ ದ್ರಾಕ್ಷಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮಾವಿನಕಾಯಿಯನ್ನು ಕಿತ್ತು ಹುಲ್ಲಿನಲ್ಲಿಟ್ಟರೆ ಹಣ್ಣಾಗುತ್ತದೆ; ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವುದನ್ನು ಎಲ್ಲರೂ ನೋಡಿದ್ದೇವೆ. ದ್ರಾಕ್ಷಿ ಬಳ್ಳಿಯಿಂದ ಬಿಡಿಸಿದ ಕ್ಷಣಕ್ಕೆ ಎಷ್ಟು ಹಣ್ಣಾಗಿತ್ತೋ ಅಷ್ಟೇ. ಆಮೇಲೆ ಅದು ಒಣಗಬಹುದು, ಕೊಳೆಯಬಹುದು, ಹಣ್ಣಾಗಲಾರದು. ಶಿನೋಂನಲ್ಲಿ ಅಕ್ಟೋಬರಿನ ಮಳೆಮೋಡವನ್ನು ನೋಡುತ್ತ ನಿಂತ ರೈತನಿಗೆ ಎರಡೇ ದಾರಿ: ಇವತ್ತು ಕಿತ್ತರೆ ಕಾಯಿ, ಇನ್ನೂ ಹತ್ತು ದಿನ ಬಿಟ್ಟರೆ ಹಣ್ಣೂ ಆಗಬಹುದು, ಬೂಷ್ಟು ಹಿಡಿದು ಎಲ್ಲವೂ ಹೋಗಬಹುದು.

ಇದನ್ನು ಪುಸ್ತಕದಿಂದ ತಿಳಿಯುವ ಮೊದಲೇ ನಾನು ನೋಡಿದ್ದೆ. ದೇವನಹಳ್ಳಿಯ ಕಡೆ ನನ್ನ ಚಿಕ್ಕಪ್ಪ ಬಹಳ ಕಾಲ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆದವರು. ಬೇಸಿಗೆ ರಜೆಯಲ್ಲಿ ಚಪ್ಪರದ ಕೆಳಗೆ ಓಡಾಡುತ್ತಿದ್ದಾಗ ತಲೆಗೆ ಗೊಂಚಲುಗಳು ತಾಗುತ್ತಿದ್ದವು. ಆ ತಳಿಯ ಒಂದು ಹಠವೆಂದರೆ ಒಂದೇ ಗೊಂಚಲಿನಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಮಾಗುವುದಿಲ್ಲ. ಕಪ್ಪಗೆ ಬೂದಿ ಹಿಡಿದ ಹಣ್ಣುಗಳ ನಡುವೆ ಗಟ್ಟಿ ಹಸಿರು ಕಾಯಿಗಳು ಅಡಗಿ ಕೂತಿರುತ್ತವೆ. ಕಪ್ಪು ಹಣ್ಣನ್ನು ಬೆರಳಿನಿಂದ ಒತ್ತಿದರೆ ತಿರುಳು ಜಾರಿ ಬಾಯೊಳಗೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲೇ ಉಳಿಯುತ್ತಿತ್ತು. ಅವಸರದಲ್ಲಿ ಹಸಿರು ಕಾಯೊಂದು ಹಲ್ಲಿಗೆ ಸಿಕ್ಕರೆ ಕಿವಿಯ ಬುಡದವರೆಗೂ ಹುಳಿ ಜುಮ್ಮೆನ್ನುತ್ತಿತ್ತು. ಶಿನೋಂನ ಈ ವೈನನ್ನು ಕುಡಿದಾಗ ಮೂವತ್ತು ವರ್ಷಗಳ ಹಿಂದಿನ ಆ ಹಸಿರು ಕಾಯಿ ನನ್ನ ಹಲ್ಲಿಗೆ ಮತ್ತೆ ಸಿಕ್ಕಿತು.

ಮಾರನೆಯ ದಿನ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ವೈನ್ ಕುಡಿಯುವವರಲ್ಲ, ಅದರ ರುಚಿಯ ಬಗ್ಗೆ ಅವರಿಗೆ ಆಸಕ್ತಿಯೂ ಇಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಸವರಿ ಎಷ್ಟು ದಿನಕ್ಕೆ ಕಿತ್ತವ್ರೆ?" ಎಂದು ಕೇಳಿದರು.

"ಅಲ್ಲಿ ನಮ್ಮ ಹಾಗೆ ವರ್ಷಕ್ಕೆರಡು ಸಲ ಸವರೋದಿಲ್ಲ ಚಿಕ್ಕಪ್ಪ. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗಿರುತ್ತೆ, ಆಗ ಒಂದೇ ಸಲ."

"ಹಂಗಾರೆ ಚಿಗುರು ಬಂದಿದ್ದು ಯಾವಾಗ? ಬಣ್ಣ ತಿರುಗೋ ಹೊತ್ನಲ್ಲಿ ಮಳೆ ಹುಯ್ತಾ? ಅದನ್ನ ಕೇಳ್ಕೊಂಡು ಬಾ ಮೊದ್ಲು. ಬರೀ ಕಾಯಿ ಕಾಯಿ ಅಂತ ಬೈದ್ರೆ ಬಳ್ಳಿ ಏನ್ ಮಾಡ್ತದೆ?"

ಅವರ ಪ್ರಶ್ನೆಗಳು ಸರಿಯಾದವು. ನಮ್ಮ ಕಡೆ ಬಳ್ಳಿಗೆ ನಿದ್ದೆಯೇ ಇಲ್ಲ. ಏಪ್ರಿಲ್‌ನಲ್ಲಿ ಒಮ್ಮೆ ಕಡ್ಡಿಗಾಗಿ ಸವರಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಹಣ್ಣಿಗಾಗಿ ಸವರಿದರೆ ಫೆಬ್ರವರಿ ಮಾರ್ಚ್‌ಗೆ ವೈನ್ ದ್ರಾಕ್ಷಿ ಕೊಯ್ಲಿಗೆ ಬರುತ್ತದೆ. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬದವರು ಫ್ರೆಂಚ್ ತಳಿಗಳನ್ನು ನೆಟ್ಟು ತೋರಿಸಿದ್ದೂ ಈ ಕ್ರಮದಲ್ಲಿಯೇ. ನಮ್ಮಲ್ಲಿ ಬಿಸಿಗೆ ಬರವಿಲ್ಲ. ಬಿಸಿಯನ್ನು ಲೆಕ್ಕ ಹಾಕುವ ಒಂದು ವಿಧಾನವನ್ನು ಡೇವಿಸ್‌ನ ಮೇನಾರ್ಡ್ ಅಮರೀನ್ ಮತ್ತು ಆಲ್ಬರ್ಟ್ ವಿಂಕ್ಲರ್ 1944ರಲ್ಲಿ ಕೊಟ್ಟರು. ಹತ್ತು ಡಿಗ್ರಿಗಿಂತ ಕೆಳಗೆ ಬಳ್ಳಿ ಬೆಳೆಯುವುದಿಲ್ಲವೆಂದು ಹಿಡಿದು, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದಿನದಿನದ ಸರಾಸರಿ ತಾಪದಲ್ಲಿ ಹತ್ತನ್ನು ಕಳೆದು, ಉಳಿದದ್ದನ್ನು ಹುಂಡಿಗೆ ಕಾಸು ಹಾಕಿದಂತೆ ಕೂಡಿಸುತ್ತ ಹೋಗುವುದು. ಏಳು ತಿಂಗಳ ಒಟ್ಟು ಮೊತ್ತ ಸುಮಾರು 1390 ದಾಟದಿದ್ದರೆ ಅದು ಅತ್ಯಂತ ತಂಪಾದ ಮೊದಲ ವರ್ಗ. ಲ್ವಾರ್ ಕಣಿವೆ ಹಿಂದಿನಿಂದಲೂ ಆ ವರ್ಗದ್ದು. ಬೆಂಗಳೂರಿನ ವಾರ್ಷಿಕ ಸರಾಸರಿ ಇಪ್ಪತ್ತನಾಲ್ಕರ ಆಸುಪಾಸು ಎಂದರೆ ದಿನಕ್ಕೆ ಹದಿನಾಲ್ಕು. ನಮ್ಮ ಬಳ್ಳಿ ನೂರು ದಿನದಲ್ಲಿ ಗಳಿಸುವ ಬಿಸಿಯನ್ನು 47 ಡಿಗ್ರಿ ಉತ್ತರ ಅಕ್ಷಾಂಶದ ಶಿನೋಂನ ಬಳ್ಳಿ ಏಳು ತಿಂಗಳು ಕಾಸು ಕಾಸಾಗಿ ಕೂಡಿಸಬೇಕು. ಆ ನಿಧಾನದಲ್ಲಿಯೇ ಅದರ ಚೆಲುವಿದೆ. ರಾತ್ರಿಯ ತಂಪಿನಲ್ಲಿ ಹುಳಿ ಕರಗದೆ ಉಳಿಯುತ್ತದೆ, ಸಕ್ಕರೆ ಓಡಿಹೋಗದೆ ಘಮದ ಜೊತೆಗೆ ಹೆಜ್ಜೆ ಹಾಕುತ್ತದೆ. ಕಾಸು ಸಾಲದ ವರ್ಷ ಬಂದರೆ ಮಾತ್ರ ಬೇರೆ ದಾರಿ ಇಲ್ಲ.

2021 ಅಂಥ ವರ್ಷ. ಮಾರ್ಚ್ ಕೊನೆಯಲ್ಲಿ ಫ್ರಾನ್ಸಿನಲ್ಲಿ ಕಾಲವಲ್ಲದ ಕಾಲದ ಬಿಸಿಲು ಬಿದ್ದು ಮೊಗ್ಗುಗಳು ಬೇಗನೆ ಒಡೆದಿದ್ದವು. ಏಪ್ರಿಲ್‌ನ ಮೊದಲ ವಾರ ದಾಟುವ ಹೊತ್ತಿಗೆ ಸಾಲು ರಾತ್ರಿಗಳಲ್ಲಿ ತಾಪ ಸೊನ್ನೆಯ ಕೆಳಗೆ ಇಳಿದು ಎಳೆ ಚಿಗುರು ಸುಟ್ಟುಹೋಯಿತು. ರೈತರು ಸಾಲುಗಳ ನಡುವೆ ಸಾವಿರಾರು ದೊಡ್ಡ ಮೇಣದ ಡಬ್ಬಗಳನ್ನು ಹಚ್ಚಿ ರಾತ್ರಿಯಿಡೀ ಬೆಂಕಿ ಕಾದ ಚಿತ್ರಗಳನ್ನು ಆಗ ಬಹಳ ಜನ ನೋಡಿರುತ್ತಾರೆ. ಕತ್ತಲಲ್ಲಿ ದೀಪಾವಳಿಯಂತೆ ಕಾಣುತ್ತಿದ್ದ ಆ ತೋಟಗಳಲ್ಲಿ ಒಂದು ವರ್ಷದ ಅನ್ನ ಹೋಗುತ್ತಿತ್ತು. ಸುಟ್ಟ ಚಿಗುರಿನ ಪಕ್ಕದಿಂದ ಎರಡನೆಯ ಮೊಗ್ಗು ಒಡೆದರೂ ಅದು ತಡವಾಗಿ ಹೂ ಬಿಟ್ಟು, ತಡವಾಗಿ ಕಾಯಿ ಕಟ್ಟಿ, ಮೊದಲಿನದರ ಜೊತೆ ಹಣ್ಣಾಗದೆ ಹಿಂದೆ ಉಳಿಯುತ್ತದೆ. ಮೇಲೆ ಬೇಸಿಗೆಯೂ ತಂಪಾಗಿ, ಮಳೆ ಹಿಡಿದು, ಎಲೆಗೆ ಬೂಜುರೋಗ ಬಂತು. ಚಿಕ್ಕಪ್ಪ ಕೇಳಿದ ಎರಡು ಪ್ರಶ್ನೆಗಳಿಗೂ ಉತ್ತರ ಕೆಟ್ಟದ್ದೇ. ಅದನ್ನು ಓದಿದ ಮೇಲೆ ಆ ವೈನಿನ ಮೇಲಿನ ನನ್ನ ಕೋಪ ಇಳಿಯಿತು.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನನ್ನನ್ನು ಅಲುಗಾಡಿಸಿದ್ದು ಇನ್ನೊಂದು ಬಾಟಲಿ. ಕೆಲವು ವರ್ಷಗಳ ಹಿಂದೆ, ಜುಲೈನ ಜಿನುಗುಮಳೆಯ ಒಂದು ರಾತ್ರಿ, ಮಲ್ಲೇಶ್ವರದ ಸ್ನೇಹಿತರ ಮನೆಯಲ್ಲಿ ಕುಡಿದ ಶಿನೋಂ ನನ್ನನ್ನು ಈ ದಾರಿಗೆ ತಂದದ್ದು. ಆವತ್ತು ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಸಾಲುಗಳು ಇಂದಿಗೂ ಇವೆ: ಆಗತಾನೆ ಹೆರೆದ ಪೆನ್ಸಿಲ್, ಮಳೆಗೆ ತೊಯ್ದ ಕಲ್ಲು, ನೇರಳೆ ಹಣ್ಣು, ಕೊನೆಯಲ್ಲಿ ಸಣ್ಣಗೆ ಒಂದು ಹಸಿರೆಲೆ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಗಂಟಲಲ್ಲಿ ಏಳುತ್ತದಲ್ಲ, ಅಂಥ ಹಿಂಸಿಹಿ ಬಹಳ ಹೊತ್ತು ನಿಂತಿತ್ತು. ತಂಪು ನಾಡು ಎಂದರೆ ಇದು ಎಂದು ಆ ರಾತ್ರಿಯೇ ನನ್ನೊಳಗೆ ತೀರ್ಮಾನವಾಗಿ ಹೋಗಿತ್ತು. ಆಮೇಲೆ ಕುಡಿದ ಪ್ರತಿಯೊಂದು ಶಿನೋಂ ಬಾಟಲಿಯನ್ನೂ, ಅದರ ನೆರೆಯೂರುಗಳಾದ ಬುರ್ಗೇಯ್, ಸೋಮ್ಯೂರ್‌ಗಳ ಬಾಟಲಿಯನ್ನೂ ಆ ರಾತ್ರಿಯ ಅಳತೆಗೋಲಿನಿಂದಲೇ ಅಳೆದಿದ್ದೇನೆ.

ನೋಟ್‌ಬುಕ್ಕಿನ ಆ ಪುಟದ ಮೂಲೆಯಲ್ಲಿ ಬೆಳೆಯ ಇಸವಿ ಬರೆದಿತ್ತು: 2018. ಲ್ವಾರ್‌ನಲ್ಲಿ ಬೇಸಿಗೆ ಬಿಸಿಯಾಗಿ, ಒಣಗಿ, ಹಣ್ಣು ತಾನಾಗಿ ಮಾಗಿ ಬಂದ ವರ್ಷ ಅದು. ತಂಪು ನಾಡಿನ ರುಚಿಯೆಂದು ನಾನು ತಲೆಯ ಮೇಲೆ ಹೊತ್ತುಕೊಂಡಿದ್ದು ತಂಪು ನಾಡಿನ ಬಿಸಿ ವರ್ಷದ ರುಚಿ. ನಿಜವಾದ ತಂಪು ವರ್ಷ ನನ್ನ ಗ್ಲಾಸಿಗೆ ಬಂದಾಗ ಅದನ್ನು ನಾನು ಗುರುತಿಸಲಿಲ್ಲ, ನಿರಾಕರಿಸಿದೆ.

ಈ ಬಿಸಿ ವರ್ಷಗಳು ಈಗ ಅಪರೂಪವೂ ಅಲ್ಲ. ಫ್ರಾನ್ಸಿನದೇ ಇನ್ನೊಂದು ವೈನ್ ಸೀಮೆ ಬರ್ಗಂಡಿಯ ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲು ಶುರುವಾದ ದಿನಗಳನ್ನು 1354ರಿಂದ 2018ರವರೆಗೆ ಜೋಡಿಸಿದ ಒಂದು ಅಧ್ಯಯನ 2019ರಲ್ಲಿ ಹೊರಬಂತು. ಅದರ ಪ್ರಕಾರ 1988ರಿಂದ ಈಚೆಗೆ ಕೊಯ್ಲು ಹಿಂದಿನ ಶತಮಾನಗಳ ಸರಾಸರಿಗಿಂತ ಹದಿಮೂರು ದಿನ ಮೊದಲೇ ಆಗುತ್ತಿದೆ. ಶಿನೋಂ ಬೇರೆ ಕಣಿವೆಯಾದರೂ ಆಕಾಶ ಬೇರೆಯಲ್ಲ. ನಾನು ವೈನ್ ಕುಡಿಯಲು ಕಲಿತದ್ದೇ ಈ ಹದಿಮೂರು ದಿನಗಳೊಳಗೆ. ಬೇಗ ಬರುವ ಬಿಸಿ ಚಿಗುರನ್ನು ಬೇಗ ಎಬ್ಬಿಸಿ ಹಿಮದ ಬಾಯಿಗೆ ಕೊಡುತ್ತದೆ ಎಂಬುದೂ ಇದೇ ಕಥೆಯ ಇನ್ನೊಂದು ಮುಖ. ಚಿಗುರು ಸುಟ್ಟ 2021ರ ಆ ಕೊರೆಯುವ ರಾತ್ರಿಗಳಂಥ ಹಾನಿಯ ಸಾಧ್ಯತೆ ಹವಾಮಾನ ಬದಲಾವಣೆಯಿಂದ ಸುಮಾರು ಶೇ. 60ರಷ್ಟು ಹೆಚ್ಚಾಗಿದೆ ಎಂದು ವಿಜ್ಞಾನಿಗಳ ತಂಡವೊಂದು ಅದೇ ವರ್ಷ ಲೆಕ್ಕ ಹಾಕಿತು. ಮಲ್ಲೇಶ್ವರದ ಆ ಬಾಟಲಿಯನ್ನೂ ಬಸವನಗುಡಿಯ ಈ ಬಾಟಲಿಯನ್ನೂ ಮಾಡಿದ್ದು ಒಂದೇ ಬಿಸಿ ಎಂದು ತಿಳಿದಾಗ ನನಗೆ ಬಹಳ ಹೊತ್ತು ಏನೂ ತೋಚಲಿಲ್ಲ.

ಹಾಗಾದರೆ ಗೆಳತಿಯ ಮಾತೇ ಸರಿಯೇ? ಅರ್ಧ ಸರಿ ಎಂದು ಈಗ ಒಪ್ಪುತ್ತೇನೆ. ಹಸಿ ವಾಸನೆಯನ್ನು ದೋಷವೆಂದು ಕರೆದದ್ದು ನನ್ನ ತಪ್ಪು. ಆ ನೆಲ, ಆ ತಳಿ, ಅಂಥ ವರ್ಷ ಸೇರಿದರೆ ಬರಬೇಕಾದ ವಾಸನೆಯೇ ಅದು, ಮತ್ತು ಅವಳು ತೂರ್‌ನಲ್ಲಿ ಕುಡಿದ ಹಳೆಯ ಬಾಟಲಿಗಳು ಅವಳಿಗೆ ಕಲಿಸಿದ್ದನ್ನು ನನ್ನ ಬಿಸಿ ವರ್ಷಗಳು ನನಗೆ ಕಲಿಸಿರಲಿಲ್ಲ. ಆದರೆ ಉಳಿದರ್ಧವನ್ನು ಬಿಟ್ಟುಕೊಡಲಾರೆ. ಸಾರಿನ ಮೇಲೆ ಉದುರಿಸಿದ ಕೊತ್ತಂಬರಿ ಎಷ್ಟೇ ಘಮಘಮಿಸಲಿ, ಕೆಳಗೆ ಬೇಳೆಯ ಕಟ್ಟು ಇರಬೇಕು. ಈ ವೈನಿನಲ್ಲಿ ಕೊತ್ತಂಬರಿ ಇತ್ತು, ಹುಣಸೆಹುಳಿ ಇತ್ತು, ಕಟ್ಟು ಇರಲಿಲ್ಲ. ಹಸಿರಿನಿಂದಲ್ಲ, ನಡುವಿನ ಆ ಖಾಲಿಯಿಂದ ನನಗೆ ನಿರಾಸೆಯಾದದ್ದು. ಮೊದಲ ಗುಟುಕಿನಲ್ಲೇ ನಾಲಿಗೆ ಅದನ್ನು ಹೇಳಿತ್ತು. ಎದ್ದು ಕಂಡದ್ದು ವಾಸನೆಯಾದ್ದರಿಂದ ನಾನು ವಾಸನೆಯ ಮೇಲೆ ತಪ್ಪು ಹೊರಿಸಿದೆ.

ಒಗರಿನ ಬಗ್ಗೆಯೂ ಒಂದು ಮಾತು. ನಮ್ಮ ಷಡ್ರಸಗಳಲ್ಲಿ ಒಗರಿಗೆ ಅದರದೇ ಪೀಠವಿದೆ, ಹಾಗಾಗಿ ಅದು ಕಹಿಯ ಜೊತೆ ಕಲಸಿಹೋಗುವುದಿಲ್ಲ. ದ್ರಾಕ್ಷಿಯ ಸಿಪ್ಪೆ ಬೀಜಗಳಲ್ಲಿರುವ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಂಡು ಬಾಯಿಯ ಜಾರುವ ಗುಣವನ್ನು ಕಸಿದುಕೊಳ್ಳುತ್ತದೆ. ಒಗರೆಂದರೆ ಬಾಯಿಯೊಳಗಿನ ಆ ಒಣಗುವಿಕೆ. ಅಡಿಕೆಯ ಒಗರು ಬೇರೆ, ನೇರಳೆಯದು ಬೇರೆ, ಎಳೆ ಗೇರುಹಣ್ಣಿನದು ಗಂಟಲನ್ನೇ ಹಿಡಿಯುತ್ತದೆ. ಮಾಗಿದ ದ್ರಾಕ್ಷಿಯ ಒಗರು ನೇರಳೆಯ ಜಾತಿಯದು, ಬಂದು ಹೋಗುತ್ತದೆ. ಈ ಬಾಟಲಿಯದು ಬಾಳೆಕಾಯಿಯ ಕಲೆಯಂತೆ ಅಂಟಿ ಕೂತಿತ್ತು.

ಉಳಿದ ವೈನನ್ನು ಚೆಲ್ಲಲಿಲ್ಲ. ಆಮದು ಸುಂಕ ಶೇ. 150ರಷ್ಟು ತೆತ್ತು ಬಂದ ಬಾಟಲಿ, ಅದಕ್ಕೆ ನನ್ನ ಒಂದು ವಾರದ ಕಿರಾಣಿಯ ಹಣ ಕೊಟ್ಟಿದ್ದೆ. ಎರಡನೆಯ ದಿನ ಗಾಳಿ ತಾಗಿ ಹಣ್ಣು ಬಿಚ್ಚಿಕೊಳ್ಳಬಹುದೆಂದು ಕಾದೆ, ಹುಳಿಯೊಂದೇ ಚೂಪಾಯಿತು. ಮೂರನೆಯ ದಿನ ಆ ವರ್ಷದ ಮೊದಲ ಅವರೆಕಾಯಿ ಬಂದಿತ್ತು. ಹಿದುಕಿದ ಬೇಳೆ ಸಾರಿನ ಜೊತೆ ಕುಡಿದಾಗ ಮೆಣಸಿನ ಖಾರ ಒಗರನ್ನು ಕೆರಳಿಸಿ ಎರಡೂ ಕೆಟ್ಟವು. ಅದಕ್ಕೆ ಹೊಂದಿಕೊಂಡದ್ದು ಮೊದಲ ದಿನದ ಬೇಯಿಸಿದ ಕಡಲೆಕಾಯಿ ಮಾತ್ರ. ಉಪ್ಪು ಕಹಿಯನ್ನು ಅದುಮುತ್ತದೆ, ಕಡಲೆಯ ಜಿಡ್ಡು ನಾಲಿಗೆಯ ನಡುವಿನ ಖಾಲಿ ಜಾಗದಲ್ಲಿ ಹೋಗಿ ಕೂರುತ್ತದೆ. ಆ ಸಂಜೆ ಗೆಳತಿ ಬಿಡದೆ ಕಡಲೆಕಾಯಿ ಸುಲಿದು ತಿನ್ನುತ್ತಿದ್ದಳು, ನಾನು ರುಚಿ ನೋಡುವ ಗಂಭೀರತೆಯಲ್ಲಿ ಒಂದನ್ನೂ ಮುಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು.

ಎರಡನೆಯ ಬಾಟಲಿಯ ಪ್ರಶ್ನೆ ಉಳಿದಿತ್ತು. ವರ್ಷಗಳು ಕಳೆದರೆ ಟ್ಯಾನಿನ್ನುಗಳು ಒಂದಕ್ಕೊಂದು ಹೆಣೆದುಕೊಂಡು ಒಗರು ಮೆತ್ತಗಾಗುತ್ತದೆ, ಅದು ನಿಜ. ಆದರೆ ಹಸಿ ವಾಸನೆ ಎಲ್ಲಿಗೂ ಹೋಗುವುದಿಲ್ಲ, ಮೊದಲೇ ತೆಳ್ಳಗಿರುವ ಹಣ್ಣು ಇನ್ನಷ್ಟು ತೆಳ್ಳಗಾಗುತ್ತದೆ. ಕಾದು ನೋಡುವುದರಿಂದ ನನಗೆ ಬೇಕಾದದ್ದು ಸಿಗುವುದಿಲ್ಲವೆಂದು ತಿಳಿದ ಮೇಲೆ ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಗೆಳತಿಯ ಮನೆಗೆ ಹೋದೆ. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಲೇಬಲ್ಲಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ 2030 ಎಂದು ಬರೆದು, ಮಂಚದ ಕೆಳಗಿನ ತಂಪಾದ ಮೂಲೆಯಲ್ಲಿ ಅಡ್ಡಲಾಗಿ ಮಲಗಿಸಿದಳು. "ತೆಗೆಯೋ ದಿನ ಕರೀತೀನಿ, ಬಾ. ಕಡಲೆಕಾಯಿ ನೀನೇ ತರಬೇಕು," ಎಂದಳು.